ಬೆಳ್ಳಿ ಬಾಲದ ವಿಮಾನ

ನಮ್ಮ ಅತ್ತೆಯ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ರೇಷ್ಮೆ ಎಳೆ ಹೊಸೆದು ಹೊಸೆದು ತುದಿಗಳು ಸವೆದು ಗಾಜಿನಂತೆ ನುಣ್ಣಗಾಗಿದ್ದವು, ಅವುಗಳ ಮೇಲೆ ಸದಾ ಒಂದು ಪದರ ಬೂದಿ. ರೇಷನ್ ಅಂಗಡಿಯ ಬೆರಳಚ್ಚಿನ ಮಿಷನ್ನು ಆ ಬೆರಳನ್ನು ಒಂದು ದಿನವೂ ಒಪ್ಪಲಿಲ್ಲ. ಅಂಗಡಿಯವನು ಬೆರಳು ಒರೆಸಿಕೊಂಡು ಇನ್ನೊಂದು ಸಲ ಒತ್ತಿ ಎಂದರೆ, "ನಾನು ನಾನೇ ಕಣಪ್ಪ. ಒಪ್ಪದಿದ್ರೆ ನಿನ್ನ ಮಿಷನ್ ಬದಲಾಯ್ಸು" ಎಂದು ಚೀಲ ಒಡ್ಡಿಕೊಂಡು ನಿಲ್ಲುತ್ತಿದ್ದರು. ಅಕ್ಕಿ ಬೀಳುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅಚ್ಚು ಕೆಚ್ಚುವುದು ಅವರ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲಿನ ಹಳೆ ಹಾಸು ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೆರಳು ಬೆವರಿ ಜಾರಬಾರದೆಂದು ಪಕ್ಕದಲ್ಲಿ ಬೂದಿಯ ಬಟ್ಟಲು. ಅದ್ದು, ಹೊಸೆ, ಅದ್ದು, ಹೊಸೆ. ನಾನು ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಚಪಾತಿ ಲಟ್ಟಿಸುವಾಗಲೂ ಅವರ ಬೆರಳು ತನ್ನಷ್ಟಕ್ಕೆ ಪಕ್ಕಕ್ಕೆ ಹೋಗಿ ಇಲ್ಲದ ಬಟ್ಟಲನ್ನು ಹುಡುಕುವುದನ್ನು ನೋಡಿ ನಕ್ಕಿದ್ದೆ. "ನಗು, ನಗು. ನಿನ್ನ ಬೆರಳು ಕಂಪ್ಯೂಟರ್ ಕುಟ್ಟೋದು ನಾನು ನೋಡಿಲ್ವಾ, ಬೇಳೆ ಆರಿಸೋವಾಗ" ಎಂದಿದ್ದರು. ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವವಳು. ಅವರಿಗೆ ಉತ್ತರ ಕೊಟ್ಟು ಗೆದ್ದ ನೆನಪು ನನಗಿಲ್ಲ.

ಮಾವ ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗಕ್ಕೆ ಬೆನ್ನು ತಿರುಗಿಸಿ ಹೋದವರು. ವಾಯುಪಡೆ ಸೇರಿ ವಿಮಾನದ ಮೈ ರಿಪೇರಿ ಮಾಡುವ ಫಿಟ್ಟರ್ ಆದರು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಅವರ ಬಳಿ ಇದ್ದದ್ದು ಒಂದೇ ಕಥೆ. ಎಪ್ಪತ್ತೊಂದರ ಯುದ್ಧದಲ್ಲಿ, ಪಂಜಾಬಿನ ಒಂದು ವಾಯುನೆಲೆಯಲ್ಲಿ, ಒಂದು ಸಂಜೆ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ ಬಾಲಕ್ಕೆ ಗುಂಡು ತಗುಲಿಸಿಕೊಂಡು ಇಳಿಯಿತಂತೆ. ಬೆಳಗಾದರೆ ಅದು ಮತ್ತೆ ಹಾರಬೇಕು. ಬದಲಿ ಭಾಗ ಇಲ್ಲ. ಕೆಟ್ಟು ಶೆಡ್ಡಿನಲ್ಲಿ ನಿಂತಿದ್ದ ಇನ್ನೊಂದು ನ್ಯಾಟಿನ ಬಾಲದಲ್ಲಿ ದಿಕ್ಕು ತಿರುಗಿಸುವ ಹಲಗೆಯನ್ನು, ಅಂದರೆ ರಡ್ಡರನ್ನು, ಬಿಚ್ಚಿ ಮಾವನೂ ಜೊತೆಗಾರರೂ ಇದಕ್ಕೆ ಕೂರಿಸಿದರು. ಆ ಹಳೆಯ ವಿಮಾನಕ್ಕೆ ಯುದ್ಧದ ಬಣ್ಣ ಬಳಿದಿರಲಿಲ್ಲ, ಇನ್ನೂ ಬೆಳ್ಳಿ ಬಣ್ಣದ್ದೇ. ಬಳಿಯಲು ಹೊತ್ತೂ ಇರಲಿಲ್ಲ. ಹಸಿರು, ಕಂದು ಪಟ್ಟೆಯ ಮೈಗೆ ಬೆಳ್ಳಿ ಬಾಲ ಕಟ್ಟಿಕೊಂಡು ವಿಮಾನ ಬೆಳಗ್ಗೆ ಯುದ್ಧಕ್ಕೆ ಹೋಯಿತು, ವಾಪಸ್ಸೂ ಬಂತು.

ಊರು ನಂಬಲಿಲ್ಲ. ಫೋಟೋ ಇರಲಿಲ್ಲ, ಜೊತೆಗಿದ್ದವರು ಎಲ್ಲೆಲ್ಲೋ ಚದುರಿ ಹೋಗಿದ್ದರು. ನಿವೃತ್ತ ಸೈನಿಕರೊಬ್ಬರು ಟೀ ಅಂಗಡಿಯಲ್ಲಿ ಕೂತು, "ಹೊಳೆಯೋ ಬಾಲ ಇಟ್ಕೊಂಡು ಯುದ್ಧಕ್ಕೆ ಯಾವ ಆಫೀಸರು ಬಿಡ್ತಾನ್ರೀ, ಶತ್ರುಗೆ ಕನ್ನಡಿ ತೋರಿಸ್ದಂಗೆ" ಎಂದು ಎಲ್ಲರೆದುರು ಹೇಳಿಬಿಟ್ಟ ಮೇಲಂತೂ ಮುಗಿಯಿತು. ಮಾವನಿಗೆ 'ಬೆಳ್ಳಿ ಬಾಲ' ಎಂದು ಹೆಸರು ಬಿತ್ತು. ಅವರು ಬೀದಿಯಲ್ಲಿ ಬರುತ್ತಿದ್ದರೆ, "ಬೆಳ್ಳಿ ಬಾಲ ಲ್ಯಾಂಡ್ ಆಯ್ತು ಗುರು" ಎನ್ನುತ್ತಿದ್ದರು. ಮಾವ ನಗುತ್ತಲೇ ಹೋಗುತ್ತಿದ್ದರು. ಮನೆಗೆ ಬಂದು ಊಟ ಬೇಡ ಎನ್ನುತ್ತಿದ್ದರು. ಕೊನೆಕೊನೆಗೆ ಆ ಕಥೆ ಹೇಳುವುದನ್ನೇ ನಿಲ್ಲಿಸಿದರು.

ಅವರು ತೀರಿಕೊಂಡು ತಿಥಿಯ ಊಟಕ್ಕೆ ಕೂತಾಗ ಅತ್ತೆಯ ಸ್ವಂತ ತಮ್ಮನೇ, ಎಲೆಯ ಮುಂದೆ, "ಭಾವ ಹೋದ್ರು, ಅವರ ಬೆಳ್ಳಿ ಬಾಲಾನೂ ಜೊತೇಲೇ ಹೋಯ್ತು ಬಿಡಿ" ಎಂದ. ಪಂಕ್ತಿಯಲ್ಲಿ ನಾಲ್ಕು ಜನ ನಕ್ಕರು. ಅತ್ತೆ ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದರು. ನನಗೆ ಮೈಯೆಲ್ಲ ಉರಿದು ಹೋಯಿತು. ಸತ್ತವರ ಮನೆಯಲ್ಲಿ ಕೂತು ಸತ್ತವರನ್ನೇ ಸುಳ್ಳುಗಾರ ಅನ್ನುವ ಬಾಯಿಗೆ ಏನು ಹೇಳಬೇಕು?

ನೆಂಟರೆಲ್ಲ ಹೋದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತರು.

"ಆಟದ ವಿಮಾನ ಸಿಗ್ತವಲ್ಲ ಕಣಮ್ಮ, ಚೂರು ಚೂರು ಜೋಡಿಸೋವು. ಅದರಲ್ಲಿ ನ್ಯಾಟ್ ಸಿಗುತ್ತಾ ನೋಡು ನಿನ್ನ ಮೊಬೈಲಲ್ಲಿ."

"ಯಾರಿಗೆ ಅತ್ತೆ?"

"ನಂಗೆ. ಇವರು ಬಾಯಲ್ಲಿ ಹೇಳಿದ್ರು, ಯಾರೂ ಕೇಳಲಿಲ್ಲ. ನಾನು ಕಣ್ಣಿಗೇ ಕಾಣೋ ಹಂಗೆ ಮಾಡಿ ಇಡ್ತೀನಿ. ಅದೇನು ನಗ್ತಾರೋ ನಗಲಿ."

ಡಬ್ಬಿ ಬಂತು. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳು, ಜೊತೆಗೆ ಅಂಟಿಸಲು ಇಂಗ್ಲೆಂಡಿನ ಗುರುತುಗಳು. ಅತ್ತೆ ಆ ಗುರುತಿನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. "ಇದು ನಮ್ಮದಲ್ಲ." ಪೈಲಟ್ ಕೂರುವ ಸೀಟೂ ಅವರಿಗೆ ಹಿಡಿಸಲಿಲ್ಲ, ಒಂದು ಮೊಂಡು ಕಡ್ಡಿಯ ಹಾಗಿತ್ತು. ನಾನು ಹುಡುಕಿದಾಗ ಗೊತ್ತಾಯಿತು, ಡಬ್ಬಿ ಮಾಡುವ ಕಂಪನಿಯಲ್ಲದೆ ಬೇರೆಯವರೂ ಇದೇ ವಿಮಾನಕ್ಕೆಂದು ಇನ್ನೂ ಚೆನ್ನಾದ ಬಿಡಿಭಾಗ ಮಾಡಿ ಮಾರುತ್ತಾರೆ, ಅದಕ್ಕೆ ಆಫ್ಟರ್‌ಮಾರ್ಕೆಟ್ ಎನ್ನುತ್ತಾರೆ. ಅತ್ತೆಗೆ ತಕ್ಷಣ ಅರ್ಥವಾಯಿತು. "ಸೀರೆ ಒಬ್ಬರು ನೇಯ್ತಾರೆ, ಕುಚ್ಚು ಇನ್ನೊಬ್ಬರು ಕಟ್ತಾರೆ. ತರಿಸು." ನಮ್ಮ ಮೂರು ಬಣ್ಣದ ಗುರುತು ಒಂದು ದೇಶದಿಂದ ಬಂತು, ಸೀಟು ಇನ್ನೊಂದು ದೇಶದಿಂದ, ಸೀಟಿನ ಬೆಲ್ಟುಗಳು ಮತ್ತೊಂದು ಕಡೆಯಿಂದ. ಆ ಬೆಲ್ಟುಗಳೋ, ಹಿತ್ತಾಳೆಯ ತೆಳು ತಗಡಿನವು, ಸಾಸಿವೆ ಕಾಳಿಗೆ ಸುತ್ತಬಹುದಾದಷ್ಟು ಸಣ್ಣವು. ನನ್ನ ಗಂಡ ನೋಡಿ, "ಅಮ್ಮಾ, ಈ ವಯಸ್ಸಲ್ಲಿ ಇದು ಆಗಲ್ಲ" ಎಂದರು. "ಆಗಲ್ಲ ಅನ್ನೋದನ್ನ ಮಾಡಿ ನೋಡಿದ ಮೇಲೆ ಹೇಳ್ಬೇಕು ಕಣೋ" ಎಂದರು ಅತ್ತೆ.

ಒಂದು ಫಜೀತಿ ಇತ್ತು. ನಮ್ಮ ಮನೆಯ ಕೆಳಗೆ, ಪಕ್ಕ, ಎದುರು, ಎಲ್ಲ ಕಡೆಯೂ ಪವರ್‌ಲೂಮುಗಳು. ಅವು ಓಡುತ್ತಿದ್ದರೆ ಮೇಜಿನ ಮೇಲಿನ ಸಣ್ಣ ಚೂರು ತಾನೇ ತೆವಳಿಕೊಂಡು ಹೋಗಿ ಕೆಳಗೆ ಬೀಳುತ್ತಿತ್ತು. ಹಾಗಾಗಿ ಕರೆಂಟ್ ಹೋದಾಗ ಮಾತ್ರ ಅತ್ತೆಯ ವಿಮಾನದ ಕೆಲಸ. ಮಧ್ಯಾಹ್ನ ಮಗ್ಗಗಳೆಲ್ಲ ಒಮ್ಮೆಲೇ ನಿಂತು ಇಡೀ ಬೀದಿ ಕರೆಂಟಿನವರನ್ನು ಬೈಯುತ್ತಿದ್ದರೆ, ಅತ್ತೆ ಸೆರಗು ಸಿಕ್ಕಿಸಿಕೊಂಡು ಮಹಡಿಗೆ ಓಡುತ್ತಿದ್ದರು. ದೇವನಹಳ್ಳಿ ನಿಲ್ದಾಣಕ್ಕೆ ಇಳಿಯುವ ದೊಡ್ಡ ವಿಮಾನಗಳು ತಲೆ ಮೇಲೆ ಹೋದರೂ ಅವರು ತಲೆ ಎತ್ತುತ್ತಿರಲಿಲ್ಲ. ಅವರಿಗೆ ಬೇಕಾದ ವಿಮಾನ ಅಂಗೈಯಲ್ಲೇ ಇತ್ತು.

ಬೆಲ್ಟು ಅಂಟಿಸುವ ದಿನ ನಾನೂ ಮನೆಯಲ್ಲಿದ್ದೆ. ಸೀಟಿಗೆ ಒಂದು ಹನಿ ಸೂಪರ್ ಗ್ಲೂ ಇಟ್ಟರು. ಆಮೇಲೆ, ಇಷ್ಟು ವರ್ಷದ ಅಭ್ಯಾಸ ನೋಡಿ, ಬೆರಳನ್ನು ಬೂದಿಗೆ ಅದ್ದಿಯೇ ಬೆಲ್ಟು ಎತ್ತಿಕೊಂಡರು. ಗೋಂದಿಗೆ ಬೂದಿ ತಾಗಿದ್ದೇ ತಡ, ಚುರ್ರೆಂದು ಹೊಗೆ ಬಂದು, ಬೆಲ್ಟು ಸೊಟ್ಟಗೆ ನಿಂತಲ್ಲೇ ಕಲ್ಲಾಯಿತು. ಕೀಳಲು ಹೋದರೆ ಸೀಟೇ ಒಡೆಯಿತು. ತಿಂಗಳು ಕಾದು ತರಿಸಿದ ಸೀಟು. ಅತ್ತೆ ಆ ಗಟ್ಟಿಯಾದ ಹನಿಯನ್ನು ಉಗುರಿನಿಂದ ಕೆರೆದರು, ಕಚ್ಚಿ ನೋಡಿದರು.

"ಎಷ್ಟು ಗಟ್ಟಿ ಆಗೈತೆ ನೋಡೇ. ಆ ರೆಕ್ಕೆ ಸಂದಿ ಮುಚ್ಚೋಕೆ ಏನು ಹಾಕೋದು ಅಂತ ಯೋಚಿಸ್ತಿದ್ದೆ."

ರೆಕ್ಕೆ ಮೈಗೆ ಸೇರುವಲ್ಲಿ ಬಿರುಕು ಬಿಟ್ಟಿತ್ತು. ಅದಕ್ಕೆ ಬೂದಿ ತುಂಬಿ ಮೇಲೆ ಗೋಂದು ಬಿಟ್ಟರು, ಉಜ್ಜುಕಾಗದದಿಂದ ಉಜ್ಜಿದರು. ಸಂದಿ ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ. ಸೀಟು, ಬೆಲ್ಟು ಮತ್ತೆ ತರಿಸಿದೆವು. ಈ ಸಲ ಬೆಲ್ಟನ್ನು ಸೋಪು ಹಾಕಿ ತೊಳೆದ ಬೆರಳಿನಿಂದ, ಉಸಿರು ಬಿಗಿಹಿಡಿದು, ನೆಟ್ಟಗೆ ಕೂರಿಸಿದರು.

ಬಾಲಕ್ಕೆ ಬೆಳ್ಳಿ ಬಣ್ಣ ಬಳಿಯುವ ಮುಂಚೆ ನಾನು ಕೇಳಿಯೇಬಿಟ್ಟೆ. ಬಹಳ ದಿನದಿಂದ ಗಂಟಲಲ್ಲೇ ಇದ್ದ ಪ್ರಶ್ನೆ.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಮಾವ ಹೇಳಿದ್ದು ನಿಜ ಅಂತ ನಿಮಗೆ ಗೊತ್ತಾ?"

ಬ್ರಷ್ ಕೆಳಗಿಟ್ಟರು. "ನಾನೇನು ಅಲ್ಲಿ ನೋಡೋಕೆ ಹೋಗಿದ್ನಾ? ಆದ್ರೆ ಅವರು ನಂಗೆ ಸುಳ್ಳು ಹೇಳಿದ್ದಾರೆ ಕಣಮ್ಮ, ಬೇಕಾದಷ್ಟು. ಬೀಡಿ ಬಿಟ್ಟೆ ಅಂದ್ರು, ಬಿಟ್ಟಿರಲಿಲ್ಲ. ಅವರ ತಂಗಿ ಮದುವೆಗೆ ನನ್ನ ಬಳೆ ಕೊಟ್ಟು, ಕಳೆದೋಯ್ತು ಅಂದ್ರು. ಸುಳ್ಳು ಹೇಳೋವಾಗ ಅವರ ಮುಖ ಹೆಂಗಾಗುತ್ತೆ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಮಾತು ಹೇಳೋವಾಗ ಆ ಮುಖ ಇರಲಿಲ್ಲ. ಒಂದು ಸಲಾನೂ ಇರಲಿಲ್ಲ."

ಬ್ರಷ್ ಎತ್ತಿಕೊಂಡು ಬಳಿಯತೊಡಗಿದರು.

ಬೆಂಗಳೂರಿನ ಕಡೆ ಹೀಗೆ ವಿಮಾನ, ಟ್ಯಾಂಕು ಕಟ್ಟುವವರದೇ ಒಂದು ಬಳಗವಿದೆ. ಆ ವರ್ಷ ಅವರ ಪ್ರದರ್ಶನ ದೇವನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹೋಳಿಗೆ ಡಬ್ಬಿಗೆ ಹತ್ತಿ ಹಾಸಿ, ಅದರಲ್ಲಿ ವಿಮಾನ ಮಲಗಿಸಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆವು. ಎಪ್ಪತ್ತೊಂದರ ಯುದ್ಧವಿಮಾನಗಳಿಗೆಂದೇ ಅಲ್ಲಿ ಒಂದು ಮೇಜಿತ್ತು. ಅತ್ತೆ ತಮ್ಮದನ್ನು ಅದರ ಮಧ್ಯದಲ್ಲಿಟ್ಟರು.

ತೀರ್ಪುಗಾರರು ಹಿರಿಯರೊಬ್ಬರು, ಮರ್ಯಾದಸ್ಥರು. ಬಗ್ಗಿ, ಟಾರ್ಚು ಬಿಟ್ಟು ನೋಡಿದರು. "ಸೀಟು ತುಂಬಾ ಚೆನ್ನಾಗಿ ಬಂದಿದೆ ಅಮ್ಮ. ಆಫ್ಟರ್‌ಮಾರ್ಕೆಟ್ ಅಲ್ವಾ? ಬೆಲ್ಟಂತೂ ಅದ್ಭುತ. ಆದ್ರೆ ರಡ್ಡರ್‌ಗೆ ಬಣ್ಣ ತಪ್ಪಾಗಿದೆಯಲ್ಲ."

ಅತ್ತೆ ಕಥೆ ಹೇಳಿದರು. ಅವರು ತಾಳ್ಮೆಯಿಂದಲೇ ಕೇಳಿದರು. "ಫೋಟೋ ಏನಾದ್ರೂ ಇದೆಯಾ?"

"ಇವರು ಸ್ಪ್ಯಾನರ್ ಹಿಡ್ಕೊಂಡಿದ್ರು ಸ್ವಾಮಿ, ಕ್ಯಾಮೆರಾ ಅಲ್ಲ."

ಅವರಿಗೆ ನಗು ಬಂತು. ಆದರೂ ಪುರಾವೆ ಇಲ್ಲದೆ ಆ ಮೇಜಿನ ಮೇಲೆ ಇಡುವಂತಿಲ್ಲ, ಕಾಲ್ಪನಿಕ ವಿಮಾನಗಳಿಗೆ ಬೇರೆ ಮೇಜಿದೆ, ಅಲ್ಲಿಟ್ಟರೆ ಬಹುಮಾನವೇ ಬರಬಹುದು ಎಂದರು. ಹೇಳಿ, ಮೆಲ್ಲಗೆ ಎತ್ತಿ ಅಲ್ಲಿಗೆ ಒಯ್ದರು. ಅಲ್ಲಿ ಡ್ರ್ಯಾಗನ್ ಮುಖ ಬರೆದ ಜೆಟ್ಟು, ಚಂದ್ರನ ಮೇಲೆ ಇಳಿಯುವ ಟ್ಯಾಂಕು ಇದ್ದವು. ಮಾವನ ವಿಮಾನ ಅವುಗಳ ಪಕ್ಕ ನಿಂತಿತು. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅತ್ತೆ ಹೋಗಿ ಅದನ್ನು ಎತ್ತಿಕೊಂಡರು. ವಾಪಸ್ ತಂದು ಯುದ್ಧದ ಮೇಜಿನ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟರು.

"ಸ್ವಾಮಿ, ಈ ಸೀಟು ಈ ಡಬ್ಬೀದಲ್ಲ, ಬೇರೆ ಕಡೆಯಿಂದ ತಂದು ಕೂರಿಸಿದ್ದು. ಅದನ್ನ ಚೆನ್ನಾಗಿದೆ ಅಂದ್ರಿ. ಬಾಲಾನೂ ಬೇರೆ ಕಡೆಯಿಂದ ತಂದು ಕೂರಿಸಿದ್ರು ಅಂದ್ರೆ ಸುಳ್ಳು ಅಂತೀರಲ್ಲ. ನೀವು ಅಲ್ಲಿದ್ರಾ?"

"ಇಲ್ಲಮ್ಮ."

"ನಾನೂ ಇರಲಿಲ್ಲ. ಇದ್ದೋರು ನಮ್ಮನೆಯವರು. ಬಹುಮಾನ ಬೇಡ, ನನ್ನ ಹೆಸರು ಹೊಡೆದು ಹಾಕ್ಕೊಳಿ. ವಿಮಾನ ಇಲ್ಲೇ ಇರುತ್ತೆ."

ಹೆಸರು ಹೊಡೆದು ಹಾಕಿದರು. ವಿಮಾನವನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಏಕೆಂದರೆ ಅತ್ತೆ ಸಂಜೆಯವರೆಗೂ ಅದರ ಮುಂದಿನಿಂದ ಅಲುಗಾಡಲಿಲ್ಲ. ಊಟಕ್ಕೂ ಏಳಲಿಲ್ಲ. ಬಾಲ ಯಾಕೆ ಹೀಗೆ ಎಂದು ಕೇಳಿದ ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿದರು. ಮಾವ ಆ ಕಥೆಯನ್ನು ಇಡೀ ಬದುಕಿನಲ್ಲಿ ಅಷ್ಟು ಜನಕ್ಕೆ ಹೇಳಿರಲಾರರು. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಅಳು ಬಂತು, ಅತ್ತೆ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಅದನ್ನು ನಡುಮನೆಯ ಶೋಕೇಸಿನಲ್ಲಿ, ಬಾಗಿಲು ದಾಟಿದವರಿಗೆ ಮೊದಲು ಕಾಣುವ ಹಾಗೆ ಇಟ್ಟರು. ಅತ್ತೆಯ ತಮ್ಮ ಬಂದವನು, "ಅಕ್ಕಾ, ಬಾಲಕ್ಕೆ ಬಣ್ಣ ಮರೆತಿದ್ದೀಯಲ್ಲ" ಎಂದು ಕೆಣಕಿದ. "ಮರೆತಿಲ್ಲ. ನೀನು ಎಲೆ ಮುಂದೆ ಆಡಿದ ಮಾತು ಮರೀಬಾರದು ಅಂತ ಹಂಗೇ ಬಿಟ್ಟಿದ್ದೀನಿ" ಎಂದರು. ಅವನು ಕಾಫಿ ಕುಡಿದು ಎದ್ದು ಹೋದ. ಆ ವಿಷಯ ಮತ್ತೆ ಎತ್ತಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಜ್ವರವೆಂದು ಮಲಗಿದ ಅತ್ತೆ ಏಳಲಿಲ್ಲ. ಜಗಳವಾಡಲು ಜನವಿಲ್ಲದ ಮನೆಯಲ್ಲಿ ಇರುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು.

ಈ ವರ್ಷ ಅದೇ ತೀರ್ಪುಗಾರರು ಫೋನ್ ಮಾಡಿದರು. ಅತ್ತೆ ಹೋದ ಸುದ್ದಿ ಯಾರಿಂದಲೋ ತಿಳಿದಿತ್ತು. ಅವರ ನೆನಪಿಗೆ ವಿಮಾನವನ್ನು ಪ್ರದರ್ಶನದಲ್ಲಿ ಇಡಬೇಕೆಂದು ಬಹಳ ವಿನಯದಿಂದ ಕೇಳಿದರು. ನನ್ನ ಗಂಡ ಪಕ್ಕದಿಂದಲೇ ಆಗಲಿ ಅನ್ನು ಎಂದು ಕೈಸನ್ನೆ ಮಾಡಿದರು.

"ಯಾವ ಮೇಜಿನ ಮೇಲೆ ಸಾರ್?" ಎಂದೆ.

ಅವರು ಪುರಾವೆಯ ವಿಷಯ, ನಿಯಮದ ವಿಷಯ ಎಂದು ಏನೋ ಶುರು ಮಾಡಿದರು.

"ಹಾಗಾದ್ರೆ ಬೇಡ ಸಾರ್. ಯುದ್ಧದ ಮೇಜಾದ್ರೆ ತರ್ತೀನಿ, ಇಲ್ದಿದ್ರೆ ನಮ್ಮನೆ ಶೋಕೇಸ್ ಚೆನ್ನಾಗೇ ಇದೆ."

ಬಾಸ್ ಎದುರು ಒಂದು ದಿನವೂ ಜೋರಾಗಿ ಮಾತಾಡದ ನಾನು ಹೇಳಿದ ಮಾತು ಇದು. ಗಂಡ ಬೆಪ್ಪಾಗಿ ನನ್ನನ್ನೇ ನೋಡುತ್ತಿದ್ದರು. ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ಯುದ್ಧದ ಮೇಜಿನ ಮೇಲೆಯೇ ಇಡಬಹುದು, ಸ್ಪರ್ಧೆಗಲ್ಲ, ಪಕ್ಕದಲ್ಲಿ ಒಂದು ಚೀಟಿ ಇರಲಿ ಎಂದರು. ಏನು ಬರೆಯಲಿ ಎಂದು ಅವರೇ ನನ್ನನ್ನು ಕೇಳಿದರು. ನಾನು ಹೇಳಿದೆ, ಅವರು ಬರೆದುಕೊಂಡರು: "ಬಾಲ ಬೆಳ್ಳಿ ಬಣ್ಣದ್ದಾಗಿತ್ತು. ಹೇಳಿದವರು, ಯುದ್ಧದಲ್ಲಿ ಅದನ್ನು ಜೋಡಿಸಿದವರೇ."

ಪ್ರದರ್ಶನದ ದಿನ ರಜೆ ಹಾಕಿ ಹೋಗಿ ಮೇಜಿನ ಪಕ್ಕ ನಿಂತೆ. ಕಾಲೇಜು ಹುಡುಗಿಯೊಬ್ಬಳು ಚೀಟಿ ಓದಿ, "ನಿಜವಾಗ್ಲೂ ಹೀಗೇ ಇತ್ತಾ ಆಂಟಿ?" ಎಂದು ಕೇಳಿದಳು.

"ಹೀಗೇ ಇತ್ತು" ಎಂದೆ. ನಾನು ಆ ಯುದ್ಧ ಕಂಡವಳಲ್ಲ. ಅತ್ತೆಯನ್ನು ಕಂಡವಳು.