ಲೂಥರನ್ ಊರಿನಲ್ಲಿ ಅವ್ವನ ಎಡೆ

ಸಮುದ್ರದಾಚೆಯ ಈ ಊರಿನ ಕಾಲೇಜಿಗೆ ಪಾಠ ಹೇಳಲು ನಾನು ಬಂದ ಎರಡನೇ ದಿನ, ಬೆಳಿಗ್ಗೆ ಹತ್ತಕ್ಕೆ, ಎಲ್ಲಿಂದಲೋ ಒಂದು ಗಂಟೆ ಹೊಡೆಯಿತು. ನೋಡನೋಡುತ್ತಿದ್ದಂತೆ ಇಡೀ ಕಾಲೇಜು ಖಾಲಿಯಾಯಿತು. ಹುಡುಗರು, ಮೇಷ್ಟ್ರುಗಳು, ಆಫೀಸಿನ ಹೆಂಗಸು, ಎಲ್ಲರೂ ತುಟಿಪಿಟಕ್ಕೆನ್ನದೆ ಎದ್ದು ಹೊರಟರು. ಹಾಸನದಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ತತ್ವಶಾಸ್ತ್ರ ಹೇಳಿದವಳು ನಾನು. ಪಾಠದ ಹೊತ್ತಿನಲ್ಲಿ ಕಾಲೇಜು ಖಾಲಿಯಾಗಲು ನನಗೆ ಗೊತ್ತಿದ್ದ ಕಾರಣ ಒಂದೇ, ಸ್ಟ್ರೈಕು. ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೊರಟೆ.

ಮೆಟ್ಟಿಲ ಮೇಲೆ ಆರ್ವಿಡ್ ಸಿಕ್ಕರು. ನನ್ನ ಪಕ್ಕದ ಕೋಣೆಯ ಪ್ರೊಫೆಸರು, ಲೂಥರನ್ ಎಂಬ ಕ್ರೈಸ್ತ ಪಂಥದ ಧರ್ಮಶಾಸ್ತ್ರ ಪಾಠ ಮಾಡುವವರು, ಎಪ್ಪತ್ತರ ಹತ್ತಿರದ ಎತ್ತರದ ಮನುಷ್ಯ. ಇದು ಸ್ಟ್ರೈಕಲ್ಲ, ಚಾಪೆಲ್ ಎಂದು ತಿಳಿಸಿದರು. ಚಾಪೆಲ್ ಎಂದರೆ ಕಾಲೇಜಿನದೇ ಪ್ರಾರ್ಥನಾ ಮಂದಿರ. ದಿನವೂ ಇಪ್ಪತ್ತು ನಿಮಿಷ ಪಾಠ ನಿಲ್ಲಿಸಿ ಅಲ್ಲಿಗೆ ಹೋಗುತ್ತಾರೆ.

"ಹಾಜರಿ ತೆಗೆದುಕೊಳ್ಳುತ್ತಾರಾ?" ಎಂದೆ.

"ಇಲ್ಲ."

"ಮತ್ತೆ ಯಾಕೆ ಹೋಗುತ್ತಾರೆ?"

ಅವರು ನಗಲಿಲ್ಲ. ಕೈಗಂಬಿ ಹಿಡಿದು ನಿಂತು ಯೋಚಿಸಿದರು. "ಒಳ್ಳೆಯ ಪ್ರಶ್ನೆ. ನಾನೂ ಹುಡುಗರನ್ನು ಅದನ್ನೇ ಕೇಳುತ್ತಿರುತ್ತೇನೆ" ಎಂದರು. ಈ ಮನುಷ್ಯನ ಜೊತೆ ಹೊಂದಿಕೊಂಡು ಹೋಗಬಹುದು ಎಂದು ಅವತ್ತೇ ಅನ್ನಿಸಿತು.

ನಮ್ಮ ವಿಭಾಗದ ಹೆಸರು ಧರ್ಮ ಮತ್ತು ತತ್ವಶಾಸ್ತ್ರ. ಒಂದು ಪಡಸಾಲೆ, ಆ ಕಡೆ ಧರ್ಮದವರು, ಈ ಕಡೆ ತತ್ವದವರು, ನಡುವೆ ಒಂದು ಕಾಫಿ ಪಾತ್ರೆ. ಕಾಫಿ ಎಂದು ನಾನು ಮರ್ಯಾದೆಗೆ ಕರೆಯುತ್ತಿದ್ದೇನೆ. ಹಾಸನದವರ ಮುಂದೆ ಅದನ್ನಿಟ್ಟರೆ ಕೈ ತೊಳೆಯಲು ಕೊಟ್ಟಿದ್ದಾರೆ ಅಂದುಕೊಂಡಾರು. ನಾನು ಭಾರತೀಯ ದರ್ಶನಗಳನ್ನು ಹೇಳುವವಳಾದ್ದರಿಂದ ಎರಡು ಕಡೆಗೂ ಸೇರಿದವಳು, ಅಂದರೆ ಎರಡು ಕಡೆಯ ಮೀಟಿಂಗಿಗೂ ಹೋಗಬೇಕಾದವಳು. ಮೀಟಿಂಗು ಮುಗಿದ ಮೇಲೆ ಹಾಟ್‌ಡಿಶ್ ಇರುತ್ತದೆ. ಆಲೂಗಡ್ಡೆ, ಮಾಂಸ, ಬೀನ್ಸ್ ಎಲ್ಲವನ್ನೂ ಒಂದೇ ಟ್ರೇಗೆ ಸುರಿದು ಬೇಯಿಸುವ ಅಡುಗೆ ಅದು. ಉಪ್ಪಿದೆ, ಖಾರವಿಲ್ಲ. ಮೊದಲ ತಿಂಗಳು ಅದನ್ನು ನುಂಗುವುದೇ ತಪಸ್ಸಾಗಿತ್ತು. ಈಗ ಡಬ್ಬಿಯಲ್ಲಿ ಚಟ್ನಿಪುಡಿ ಒಯ್ಯುತ್ತೇನೆ, ಇಬ್ಬರು ಧರ್ಮದವರು ನನ್ನ ಪಕ್ಕದಲ್ಲೇ ಕೂರಲು ಶುರುಮಾಡಿದ್ದಾರೆ.

ಊರಿನ ಸುತ್ತ ಜೋಳವೋ ಜೋಳ. ನಮ್ಮಲ್ಲಿ ಮುಸುಕಿನ ಜೋಳ ಅನ್ನುತ್ತೇವಲ್ಲ, ಅದೇ. ಬೆಳಗಿನ ಮಂಜಿನಲ್ಲಿ ಅದರ ನಡುವಿನ ರಸ್ತೆಯಲ್ಲಿ ನಡೆಯುವಾಗ ನಾನು ಅರ್ಧ ಎಚ್ಚರದಲ್ಲಿರುತ್ತೇನೆ. ಎದುರಿಗೆ ಬೆಳಕು ಕಂಡರೆ ಚನ್ನರಾಯಪಟ್ಟಣದ ಬಸ್ಸು, ಮುಂದಿನ ಸ್ಟಾಪು ಶಾಂತಿಗ್ರಾಮ ಅನ್ನಿಸಿಬಿಡುತ್ತದೆ. ಚಿಲ್ಲರೆಗೆ ಚೀಲದೊಳಗೆ ಕೈ ಹಾಕಿದ್ದೂ ಉಂಟು. ಬೆಳಕು ಹತ್ತಿರ ಬಂದು ಟ್ರ್ಯಾಕ್ಟರಾಗಿ, ಅದರ ಮೇಲಿನ ಗುರುತಿಲ್ಲದ ಮನುಷ್ಯ ಒಂದು ಬೆರಳೆತ್ತಿ ನಮಸ್ಕಾರ ಹೇಳಿ ಮಂಜಿನೊಳಗೆ ಹೋಗುತ್ತಾನೆ. ಅವ್ವ ತೀರಿಕೊಂಡ ಮೇಲೆ ಈ ಅರೆನಿದ್ದೆ ಹೆಚ್ಚಾಯಿತು.

ಅವ್ವ ಹೋದದ್ದು ನಾನು ಇಲ್ಲಿಗೆ ಬಂದ ಮೊದಲ ವರ್ಷದಲ್ಲೇ. ಟಿಕೆಟ್ಟು, ವೀಸಾ ಎಂದು ಒದ್ದಾಡಿ ನಾನು ನಮ್ಮೂರು ಹಳೇಕೋಟೆ ಮುಟ್ಟುವ ಹೊತ್ತಿಗೆ ಮೂರನೇ ದಿನದ ಹಾಲು ತುಪ್ಪವೂ ಮುಗಿದಿತ್ತು. ಅವಳ ಮುಖ ನೋಡಲಿಲ್ಲ, ಬಾಯಿಗೆ ಒಂದು ತೊಟ್ಟು ನೀರು ಬಿಡಲಿಲ್ಲ. ಒಬ್ಬಳೇ ಮಗಳು ನಾನು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿದ್ದರು.

ಇದನ್ನು ಒಮ್ಮೆ ಆರ್ವಿಡ್‌ಗೆ ಹೇಳಿದೆ. ಅವರ ಹೆಂಡತಿಯೂ ತೀರಿ ನಾಲ್ಕು ವರ್ಷ. "ನಮ್ಮ ನಂಬಿಕೆಯಲ್ಲಿ ಸತ್ತವರಿಗಾಗಿ ನಾವು ಮಾಡಬೇಕಾದದ್ದು ಏನೂ ಉಳಿದಿರುವುದಿಲ್ಲ. ಎಲ್ಲವೂ ದೇವರ ಕೃಪೆಯಿಂದ ಆಗಿಹೋಗಿದೆ. ನನಗೆ ಅದೇ ಸಮಾಧಾನ" ಎಂದರು. ಅವರ ಮಟ್ಟಿಗೆ ನಿಜವಿರಬಹುದು. ನನಗೆ ಮಾತ್ರ ಮಾಡಲು ಏನೂ ಇಲ್ಲ ಅನ್ನುವುದೇ ಶಿಕ್ಷೆಯ ಹಾಗೆ ಕೇಳಿಸಿತು. ನಮ್ಮ ಸತ್ತವರು ಹಾಗಲ್ಲ. ವರ್ಷಕ್ಕೊಮ್ಮೆ ಪಿತೃಪಕ್ಷಕ್ಕೆ ಹಸಿದು ಬರುತ್ತಾರೆ, ಇದ್ದಾಗ ಏನು ಇಷ್ಟವೋ ಅದನ್ನೇ ಬೇಡುತ್ತಾರೆ.

ವರ್ಷ ತುಂಬದೆ ಎಡೆ ಇಡುವ ಹಾಗಿರಲಿಲ್ಲ. ಈ ಸಲ ತುಂಬಿತ್ತು. ಪಕ್ಷ ಹುಟ್ಟುವ ಮೊದಲೇ ಚಿಕ್ಕಪ್ಪನಿಗೆ ಫೋನು ಮಾಡಿ, ಅವ್ವನಿಗೆ ನಾನಿಲ್ಲಿ ಎಡೆ ಇಡುತ್ತೇನೆ ಎಂದೆ. ಅಪ್ಪನ ತಮ್ಮ ಅವರು, ಹಳೇಕೋಟೆ ಮನೆಯ ಯಜಮಾನರು.

"ಅಂಗೆಲ್ಲಾ ಎಲ್ಡ್ ಕಡೆ ಇಕ್ಕಂಗಿಲ್ಲ ಕಣವ್ವ" ಎಂದರು. "ಇಲ್ಲಿ ನಾನು ಇಕ್ತೀನಿ. ಅಲ್ಲಿ ನೀನೂ ಇಕ್ಬುಟ್ರೆ ಆವಮ್ಮ ಎಲ್ಲಿಗೇ ಅಂತ ಓಗ್ಬೇಕು? ದಾರೀಲೇ ನಿಂತ್ಕತಾಳೆ."

"ನಾನು ಅವಳಿಗೆ ಏನೂ ಮಾಡಲಿಲ್ಲ ಚಿಕ್ಕಪ್ಪ."

"ಗೊತ್ತು ಕಣವ್ವ. ನೀನು ಸುಮ್ಕಿರು. ನಾನಿಲ್ವಾ?"

ಸುಮ್ಮನಿರಲು ನೋಡಿದೆ. ಅದೇ ವಾರ ತರಗತಿಯಲ್ಲಿ ಪಿತೃಕಾರ್ಯದ ಪಾಠವಿತ್ತು. ಬೋರ್ಡಿನ ಮೇಲೆ ಗೆರೆ ಎಳೆದು, ಮೂರು ತಲೆಮಾರು, ಅನ್ನ, ನೀರು ಎಂದು ಬಿಡಿಸಿ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಊಟ ಹಾಕದಿದ್ದರೆ ಅವರು ಏನು ಮಾಡುತ್ತಾರೆ ಎಂದು ಕೇಳಿದಳು. ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾರೆ ಅನ್ನುವುದು ನಮ್ಮ ಕಡೆಯ ಮಾತು. ಅದನ್ನು ಹೇಳಲು ಹೋದವಳು ಬೋರ್ಡಿನ ಕಡೆ ತಿರುಗಿ, ಎಳೆದ ಗೆರೆಯನ್ನೇ ಮತ್ತೆ ಎಳೆದೆ. ಹುಡುಗರು ತಲೆ ಬಗ್ಗಿಸಿ ನೋಟ್ಸು ಬರೆಯುವ ಹಾಗೆ ನಟಿಸಿದರು. ಒಳ್ಳೆಯ ಮಕ್ಕಳು.

ಮಹಾಲಯ ಅಮಾವಾಸ್ಯೆಯ ದಿನ ನನ್ನ ಮನಸ್ಸು ನನ್ನ ಮಾತು ಕೇಳಲಿಲ್ಲ. ಎರಡು ಗಂಟೆ ದಾರಿಯ ಪಟ್ಟಣದಿಂದ ರಾಗಿಹಿಟ್ಟು, ವೀಳ್ಯದೆಲೆ ತಂದಿದ್ದೆ. ಮುದ್ದೆ ತೊಳಸಿದೆ, ಕೋಳಿ ಸಾರು ಮಾಡಿದೆ. ಖಾರದ ಘಾಟಿಗೆ ಸೂರಿನ ಹೊಗೆ ಅಲಾರಮ್ಮು ಎರಡು ಸಲ ಕಿರುಚಿತು, ಟವೆಲ್ಲು ಬೀಸಿ ಬಾಯಿ ಮುಚ್ಚಿಸಿದೆ. ಅವ್ವನಿಗೆ ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಬೇಕೇ ಬೇಕು. ಈ ಊರಿನಲ್ಲಿ ಕಡ್ಡಿಪುಡಿ ಎಲ್ಲಿಂದ ತರಲಿ? ಆರ್ವಿಡ್ ಪೈಪು ಸೇದುತ್ತಾರೆ. ಹಿಂದಿನ ದಿನವೇ ಒಂದು ಚಿಟಿಕೆ ಹೊಗೆಸೊಪ್ಪು ಕೇಳಿದ್ದೆ. ನೀವು ಸೇದುತ್ತೀರಾ ಎಂದು ಹುಬ್ಬೇರಿಸಿದ್ದರು. ನನಗಲ್ಲ, ಅಮ್ಮನಿಗೆ ಎಂದಿದ್ದೆ. ಮತ್ತೇನೂ ಕೇಳದೆ ಕಾಗದದಲ್ಲಿ ಕಟ್ಟಿ ಕೊಟ್ಟಿದ್ದರು.

ಸಂಜೆ ಐದೂವರೆಗೆ ಅಡುಗೆಮನೆಯ ನೆಲದ ಮೇಲೆ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಸತ್ತವರು ನಮ್ಮ ಕಣ್ಣೆದುರು ಉಣ್ಣುವುದಿಲ್ಲ. ಅವರನ್ನು ಒಳಗೆ ಬಿಟ್ಟು ಮನೆಮಂದಿಯೆಲ್ಲ ಹೊರಗೆ ನಿಲ್ಲಬೇಕು. ಹೊರಗೆ ಚಳಿಗಾಳಿ. ಶಾಲು ಒಳಗೇ ಉಳಿದಿತ್ತು.

ಎರಡು ಮನೆಯಾಚೆಯಿಂದ ಆರ್ವಿಡ್ ನೋಡಿರಬೇಕು, ಪೈಪು ಹಿಡಿದೇ ಬಂದರು. "ಕೀಲಿ ಒಳಗಾಯಿತೇ? ಬೀಗದವನನ್ನು ಕರೆಯಲೇ?"

"ಬೇಡ. ಒಳಗೆ ಅಮ್ಮ ಊಟ ಮಾಡುತ್ತಿದ್ದಾಳೆ" ಎಂದೆ.

ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ತಮ್ಮ ಕೋಟು ಬಿಚ್ಚಿ ನನಗೆ ಹೊದಿಸಿ ಪಕ್ಕದಲ್ಲಿ ನಿಂತರು. ಸತ್ತವರಿಗೆ ಏನೂ ಮಾಡಬೇಕಿಲ್ಲ ಎಂದು ಜೀವನವಿಡೀ ಪಾಠ ಹೇಳಿದ ಮನುಷ್ಯ, ನಮ್ಮವ್ವ ಉಂಡು ಮುಗಿಸಲೆಂದು ಕಾಯುತ್ತಿದ್ದರು. ಜೋಳದ ಹೊಲದ ಮೇಲೆ ಬೆಳಕು ಹಳದಿಯಾಗಿ, ಆಮೇಲೆ ಬೂದಿಯಾಯಿತು.

"ಎಷ್ಟು ಹೊತ್ತು ಬೇಕಾಗುತ್ತದೆ?" ಪಿಸುಗುಟ್ಟಿದರು.

"ಇದ್ದವರಲ್ಲಿ ಹಿರಿಯರು ಒಂದು ಸಲ ಕೆಮ್ಮಬೇಕು. ಅದು ಸತ್ತವರಿಗೆ ಸೂಚನೆ. ಆಮೇಲೆ ಬಾಗಿಲು ತೆಗೆಯಬಹುದು. ಇಲ್ಲಿ ನಾನೇ ಹಿರಿಯಳು."

ಕೆಮ್ಮಲು ನನ್ನಿಂದಾಗಲಿಲ್ಲ. ಕೆಮ್ಮಿದರೆ, 'ಸಾಕು, ಎದ್ದು ಹೋಗು' ಎಂದ ಹಾಗೆ. ಅವಳು ಬಂದಿದ್ದಾಳೋ, ಚಿಕ್ಕಪ್ಪ ಅಂದಂತೆ ಎರಡು ಎಡೆಯ ನಡುವೆ ಯಾವುದೋ ಸಮುದ್ರದ ಮೇಲೆ ಸೆರಗು ಬಿಗಿದು ನಿಂತಿದ್ದಾಳೋ? ಅವಳಿಗೆ ಹಾಸನ ಬಸ್‌ಸ್ಟ್ಯಾಂಡಿನಲ್ಲೇ ದಾರಿ ತಪ್ಪುತ್ತಿತ್ತು. ಹೀಗೆ ನಿಂತೇ ಇದ್ದಾಗ ಕೋಟಿಲ್ಲದ ಆರ್ವಿಡ್, ಗಾಳಿಗೋ ಪೈಪಿನ ಹೊಗೆಗೋ, ಜೋರಾಗಿ ಕೆಮ್ಮಿಬಿಟ್ಟರು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಕ್ಷಮಿಸಿ" ಎಂದರು, ಗಾಬರಿಯಲ್ಲಿ.

"ನಡೆಯುತ್ತದೆ. ನೀವು ನನಗಿಂತ ಹಿರಿಯರು" ಎಂದು ಬಾಗಿಲು ತೆಗೆದೆ.

ಮುದ್ದೆ ಇಟ್ಟ ಹಾಗೇ ಇತ್ತು. ಆರ್ವಿಡ್ ಬಗ್ಗಿ ನೋಡಿ, "ಉಂಡರೂ ಹಾಗೇ ಕಾಣುತ್ತದೆಯೇ?" ಎಂದರು. ಹೌದೆಂದೆ. "ನಮ್ಮ ಚಾಪೆಲ್ಲಿನ ಪ್ರಾರ್ಥನೆಯಲ್ಲಿ ಹಂಚುವ ರೊಟ್ಟಿಯೂ ಹಾಗೇ. ಯೇಸು ಅದರಲ್ಲಿದ್ದಾನೆ ಅನ್ನುತ್ತೇವೆ, ನೋಡಲು ರೊಟ್ಟಿಯಾಗಿಯೇ ಇರುತ್ತದೆ" ಎಂದು ನೆಲದ ಮೇಲೆ ಕಷ್ಟಪಟ್ಟು ಕೂತರು. ಅವ್ವನ ಎಡೆಯ ಊಟವನ್ನು ಇಬ್ಬರೂ ಉಂಡೆವು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಕಲಿಸಿದೆ. ಬಹಳ ದಿನದ ಮೇಲೆ ನನ್ನ ಹೊಟ್ಟೆ ತುಂಬಿತ್ತು.

ಅವರು ಹೋದ ಮೇಲೆ ಚಿಕ್ಕಪ್ಪನಿಗೆ ಫೋನು ಮಾಡಿದೆ. ಅಲ್ಲಿ ಬೆಳಗಿನ ಐದೂವರೆ, ಡೇರಿಗೆ ಹಾಲು ಒಯ್ಯುವ ಹೊತ್ತು. ನಿಮ್ಮ ಮಾತು ಮೀರಿ ಎಡೆ ಇಟ್ಟೆ, ತಪ್ಪಾಯಿತು, ಅವ್ವ ಎಲ್ಲಿಗೆ ಬಂದಳೋ ಗೊತ್ತಿಲ್ಲ ಎಂದೆ.

"ನಿನ್ನತ್ರಕ್ಕೇ ಬಂದವ್ಳೆ" ಎಂದರು. "ನಾನು ಇಲ್ಲಿ ಅತ್ಗೆಗೆ ಇಕ್ನಿಲ್ಲ ಕಣವ್ವ. ನೀನು ಸುಮ್ಕಿರಾಕಿಲ್ಲ ಅಂತ ಗೊತ್ತಿತ್ತು. ದಾರೀಲಿ ನಿಂತ್ಕಬಾರ್ದು ಅಂತ ಬುಟ್ಬುಟ್ಟೆ."

ಸಂತೋಷಪಡಬೇಕಿತ್ತು, ಪಟ್ಟೆ ಕೂಡ, ಒಂದು ಗಳಿಗೆ. ಆಮೇಲೆ ಹಳೇಕೋಟೆಯ ನಡುಮನೆ ಕಣ್ಣಿಗೆ ಬಂತು. ಅಜ್ಜ ಅಜ್ಜಿಯ ಎಲೆಗಳ ಪಕ್ಕದಲ್ಲಿ ಅಪ್ಪನ ಎಲೆ, ಅದರ ಪಕ್ಕದಲ್ಲಿ ಬರಿ ನೆಲ.

"ಅಪ್ಪ ಒಬ್ರೇ ಉಂಡ್ರಾ ಚಿಕ್ಕಪ್ಪ?"

"ಊಂ ಕಣವ್ವ. ಒಬ್ನೇ ಉಂಡ."

ಹಾಲಿನ ಕ್ಯಾನಿನ ಸದ್ದು ಕೇಳಿಸಿತು. ಬರುವ ವರ್ಷ ಅವ್ವನಿಗೆ ಎಲ್ಲಿ ಇಡುವುದೆಂದು ಮುಂಚೆಯೇ ಹೇಳು ಎಂದು ಚಿಕ್ಕಪ್ಪ ಫೋನಿಟ್ಟರು. ಇನ್ನೂ ಹೇಳಿಲ್ಲ.