ಎಣ್ಣೆ ಹುಡುಕಿದವರು ಮೇಚೇರಿಗೆ ಬಂದಾಗ

ತಮಿಳುನಾಡಿನ ಮೇಚೇರಿಯ ಮನೆಯಲ್ಲಿ ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ ಜಗುಲಿಯ ತುಂಬ ಕುರಿಗಳು! ಕಿರುಚಿಯೇ ಬಿಟ್ಟೆ. ನಾದಿನಿ ಮಾದಮ್ಮ ಓಡಿ ಬಂದು ನಕ್ಕಳು.

“ಬೆದರ್ಬ್ಯಾಡ ಅತ್ತಿಗೆ, ಕೊಂಚ ನೇರ ನಿಂತಿರ್ತವೆ, ಅಷ್ಟೆ.”

ಕೊಂಚ ನೇರ ಎಂದರೆ ತಮಿಳಿನಲ್ಲಿ ಸ್ವಲ್ಪ ಹೊತ್ತು. ಅವಳ ಕನ್ನಡದಲ್ಲಿ ಅರ್ಧ ತಮಿಳು. ನನ್ನ ಧಾರವಾಡದ ಕನ್ನಡ ಅವಳಿಗೆ ಅದಕ್ಕಿಂತ ದೊಡ್ಡ ಸೋಜಿಗ. ರೊಟ್ಟಿ ಬಡಿದ ಕೈಗಳು ಇಲ್ಲಿ ಕಳಿ, ಅಂದರೆ ರಾಗಿಮುದ್ದೆ, ತಿರುವಲು ಕಲಿತವು. ಮೊದಮೊದಲು ನನ್ನ ಮುದ್ದೆಯನ್ನು ಕುರಿಗಳೂ ಮೂಸಲಿಲ್ಲ.

ಇದು ನಮ್ಮ ಯಜಮಾನರ ಹುಟ್ಟೂರು. ಸ್ವತಂತ್ರ ಭಾರತದಲ್ಲಿ ಎಣ್ಣೆ ಹುಡುಕಲು ಗುಜರಾತಿಗೆ ಹೋದ ಮೊದಮೊದಲ ಭೂವಿಜ್ಞಾನಿಗಳಲ್ಲಿ ಅವರೂ ಒಬ್ಬರು. ಆಗ ನಮಗೆ ಡೇರೆಯೇ ಮನೆ. ಎಣ್ಣೆಗಾಗಿ ಕೊರೆದ ಬಾವಿಯಿಂದ ಬಂದ ಕಲ್ಲಿನ ಪುಡಿಯನ್ನು ಮೂಸಿ, ಭೂತಗನ್ನಡಿಯಲ್ಲಿ ನೋಡಿ, ಆಳ ಬರೆದ ಪುಟ್ಟ ಬಟ್ಟೆಚೀಲಕ್ಕೆ ತುಂಬುತ್ತಿದ್ದರು. ಎಷ್ಟೋ ಚೀಲ ನಾನೇ ಹೊಲಿದುಕೊಟ್ಟಿದ್ದೇನೆ. ತೊಂಬತ್ತರ ದಶಕದ ಆರಂಭದಲ್ಲಿ ನಿವೃತ್ತರಾಗಿ ಇಲ್ಲಿಗೆ ಮರಳಿದರು. ಹಿಂದೆಯೇ ನಾನೂ ಬಂದೆ.

ಆ ಬೇಸಿಗೆ ಮಾದಮ್ಮನ ಬಾವಿ ಬತ್ತಿತು.

“ಅಣ್ಣಾ, ಸರ್ಕಾರಕ್ಕೆ ಎಣ್ಣೆ ತೋರ್ಸ್ದೆ. ನನ್ ಕುರಿಗೆ ನೀರ್ ತೋರ್ಸು. ಇಲ್ದಿದ್ರೆ ಎಲ್ಲಾನೂ ಸಂತೆಗೆ ಒಡ್ಕೊಂಡು ಓಗ್ಬೇಕಾಯ್ತದೆ.”

ಯಜಮಾನರ ಮುಖ ಸಣ್ಣದಾಯಿತು. “ನಾನು ಓದಿದ್ದು ಪದರ ಪದರದ ಕಲ್ಲು. ಇಲ್ಲಿ ಗಟ್ಟಿ ಬಂಡೆ, ಬಿರುಕಿನಲ್ಲಿ ಮಾತ್ರ ನೀರು. ಸುಳ್ಳಾದರೆ ಅವಳ ಮುಖ ಹೇಗೆ ನೋಡಲಿ?” ಎಂದು ನನ್ನೊಡನೆ ಪೇಚಾಡಿದರು. ಆದರೂ ವಾರವಿಡೀ ಹಳೆ ಬಾವಿಗಳಿಗೆಲ್ಲ ಇಳಿದು ನೋಡಿ, ಕೊನೆಗೆ ಒಂದು ಜಾಗ ತೋರಿಸಿದರು.

ಕೊಳವೆಬಾವಿ ಕೊರೆಯುವ ರಿಗ್ ಲಾರಿ ಬಂತು. ಮಧ್ಯಾಹ್ನದವರೆಗೆ ಬರೀ ಬಿಳಿ ಧೂಳು. ಮಾದಮ್ಮ ಕುರಿಗಳತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ಧೂಳು ಒದ್ದೆಯಾಯಿತು, ಕೆಸರು ಚಿಮ್ಮಿತು, ಅದರ ಹಿಂದೆಯೇ ನೀರು! ಜನ ಎರಡೂ ಭಾಷೆಯಲ್ಲಿ ಕೂಗಿದರು. ನಮ್ಮ ಯಜಮಾನರು ಮಾತ್ರ ಟೋಪಿ ತೆಗೆದು ತಲೆ ತಗ್ಗಿಸಿ, “ಹೋಯ್ತು” ಎಂದರು.

“ಏನ್ ಓಯ್ತಣ್ಣ? ಬಂದೈತೆ ನೋಡು!”

ನನಗೊಬ್ಬಳಿಗೇ ಗೊತ್ತಿತ್ತು. ಎಣ್ಣೆಯ ಬಾವಿಯಲ್ಲಿ ನೀರು ಬಂದರೆ ತಿಂಗಳುಗಳ ದುಡಿಮೆ ಮಣ್ಣುಪಾಲು. “ನೀರು ಬಂತು” ಎಂದು ಹೇಳಿ ಊಟ ಬಿಟ್ಟು ಮಲಗಿದ ಎಷ್ಟು ದಿನಗಳನ್ನು ನಾನು ಕಂಡಿದ್ದೇನೆ! ಪಾಪ, ಆ ಕ್ಷಣ ಅವರು ಗುಜರಾತಿನಲ್ಲೇ ನಿಂತಿದ್ದರು. ನನಗೆ ಅಳು ಬಂತು.

ಮಾದಮ್ಮ ಅವರ ಬೊಗಸೆಗೆ ನೀರು ಸುರಿದಳು. ಅಭ್ಯಾಸಬಲ, ಮೊದಲು ಮೂಸಿದರು. ಆಮೇಲೆ ಕುಡಿದು ನಿಧಾನವಾಗಿ ನಕ್ಕರು.

“ನೀನೂ ಕುಡಿ ಅತ್ತಿಗೆ. ಎಂಗೈತೆ?”

ಕುಡಿದೆ. ತುಸು ಉಪ್ಪುಪ್ಪು, ನನ್ನ ಧಾರವಾಡದ ನೀರಿನ ರುಚಿಯಲ್ಲ.

“ಸಿಹಿ ಐತೆ ಮಾದಮ್ಮ” ಎಂದೆ.