ಚೀಟಿ ಅತ್ತೆ ಇಟ್ಟ ಹೆಸರುಗಳು

ಮನುಷ್ಯನ ಗುಟ್ಟು ಕಟ್ಟಿಕೊಂಡವಳಿಗೆ ಅರ್ಧ ಗೊತ್ತಿರುತ್ತದೆ, ವೈದ್ಯರಿಗೆ ಕಾಲು ಗೊತ್ತಿರುತ್ತದೆ, ಉಳಿದ ಕಾಲು ಅವನ ಬಟ್ಟೆ ಒಗೆಯುವವರಿಗೆ ಗೊತ್ತು. ಹಾಗಾದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ಕೂತವಳಿಗೆ ಎಷ್ಟು ಗೊತ್ತಿರಬೇಕು, ನೀವೇ ಹೇಳಿ.

ಅವಳಿಗೆ ಬೀದಿಯವರೆಲ್ಲ ಚೀಟಿ ಅತ್ತೆ ಅನ್ನುತ್ತಿದ್ದರು. ದಪ್ಪ ಗಾಜಿನ ಕನ್ನಡಕ, ಎದೆಯ ಮೇಲೆ ಸೇನಾಪತಿಯ ಪದಕಗಳ ಹಾಗೆ ಸಾಲಾಗಿ ಚುಚ್ಚಿಕೊಂಡ ಪಿನ್ನುಗಳು, ಬಲಗೈಯಲ್ಲಿ ನೀರಿಗೂ ಬಿಸಿಗೂ ಅಳಿಸದ ಶಾಯಿಯ ಪೆನ್ನು. ಬಟ್ಟೆ ಬಂದ ಕೂಡಲೇ ಎರಡು ಬೆರಳಗಲದ ಬಿಳಿ ಬಟ್ಟೆಯ ಚೀಟಿ ಹರಿದು, ಅದರ ಮೇಲೆ ರಸೀದಿಯ ನಂಬರು ಬರೆದು, ಒಳಮಡಿಕೆಗೆ ಪಿನ್ನು ಹಾಕುವಳು. ನಂಬರಿನ ಕೆಳಗೆ ಒಂದು ಹೆಸರು. ಅದು ಗಿರಾಕಿಯ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅತ್ತೆ ಇಟ್ಟದ್ದು.

"ಬರೀ ನಂಬರು ನೆಚ್ಕೊಂಡ್ರೆ ಒಬ್ಬನ ಪ್ಯಾಂಟು ಇನ್ನೊಬ್ಬನ ಕಾಲಿಗೆ ಹೋಗುತ್ತೆ," ಅನ್ನುವುದು ಅವಳ ಸಿದ್ಧಾಂತ. ಮೂರಕ್ಕೂ ಎಂಟಕ್ಕೂ ಕಣ್ಣು ಮೋಸ ಹೋಗಬಹುದು. 'ಜೇಬಲ್ಲಿ ಬಾಚಣಿಗೆ'ಗೂ 'ನಾಳೆ ಬೇಕೇ ಬೇಕು'ಗೂ ಹೋಗುವುದುಂಟೆ? ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಪ್ರತಿ ಕೋಟಿನ ಜೇಬಲ್ಲಿ ಬಾಚಣಿಗೆ ಮರೆಯುವ ಬ್ಯಾಂಕಿನವನು ಮೊದಲನೆಯವನು. ನಾಳೆ ಬೆಳಿಗ್ಗೆಯೇ ಬೇಕೆಂದು ಕುತ್ತಿಗೆಯ ಮೇಲೆ ಕೂತು, ಮೂರು ವಾರದ ಮೇಲೆ ಬರುವ ಮನೆಪಾಠದವಳು ಎರಡನೆಯವಳು. ಒಗೆದಿದ್ದಕ್ಕೇ ಪ್ಯಾಂಟಿನ ಸೊಂಟ ಚಿಕ್ಕದಾಯಿತೆಂದು ವರ್ಷವರ್ಷವೂ ಜಗಳಕ್ಕೆ ಬರುವ ಔಷಧಿ ಅಂಗಡಿಯವನು 'ಉಸಿರು ಹಿಡಿ'.

ಆದರೆ ಅತ್ತೆಗೂ ಒಂದು ನೇಮವಿತ್ತು. ಬಟ್ಟೆ ಗಿರಾಕಿಯ ಕೈಸೇರುವ ಮೊದಲು ಚೀಟಿ ಬಿಚ್ಚಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಲೇಬೇಕು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಚೀಟಿ ಹೊಸಿಲು ದಾಟಿರಲಿಲ್ಲ.

ಅತ್ತೆಯ ಜೊತೆ ಎರಡು ಕೋಣೆಯ ಮನೆಯಲ್ಲಿ ಅವಳ ತಮ್ಮನ ಮಗಳು ಇದ್ದಳು. ಹುಡುಗಿ ಓದುತ್ತಿದ್ದದ್ದು ವ್ಯಾಪಾರ ಮಾಹಿತಿ ವ್ಯವಸ್ಥೆಗಳ ಸ್ನಾತಕೋತ್ತರ ಪದವಿ. ಇಷ್ಟುದ್ದದ ಹೆಸರು ಅತ್ತೆಯ ಬಾಯಲ್ಲಿ ಹಿಡಿಯದೆ 'ಅಂಗಡಿಗೆ ಕಂಪ್ಯೂಟರ್ ಹಾಕೋ ಓದು' ಆಗಿತ್ತು. ಆ ಪದವಿ ಕೈಗೆ ಸಿಗಬೇಕಾದರೆ ಏನೇನು ಮುಗಿಸಬೇಕು ಅನ್ನುವ ಪಟ್ಟಿಯನ್ನು ಹುಡುಗಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು: ಹನ್ನೆರಡು ವಿಷಯ, ಅದರಲ್ಲಿ ಎಂಟು ಕಡ್ಡಾಯ, ನಾಲ್ಕು ಇಷ್ಟದವು, ಎರಡು ವಿಚಾರ ಸಂಕಿರಣ, ಕೊನೆಗೊಂದು ಪ್ರಾಜೆಕ್ಟು. ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಮುಗ್ಗರಿಸಿ ಎದ್ದದ್ದೂ ಸೇರಿ ಎಲ್ಲದರ ಮುಂದೆ ಸರಿ ಗುರುತು ಬಿದ್ದಿತ್ತು. ಉಳಿದದ್ದು ಪ್ರಾಜೆಕ್ಟು ಒಂದೇ. ಮುಂದಿನ ತಿಂಗಳ ಕೊನೆಯೊಳಗೆ ಅದು ಮುಗಿಯದಿದ್ದರೆ ಇನ್ನೊಂದು ವರ್ಷ ಕಾಯಬೇಕು.

"ಅದಕ್ಕೆ ಏನು ಮಾಡ್ಬೇಕಂತೆ?" ಅತ್ತೆ ಕೇಳಿದ್ದಳು.

"ನಿಜವಾದ ಒಂದು ಅಂಗಡಿಗೆ ವ್ಯವಸ್ಥೆ ಮಾಡ್ಕೊಡಬೇಕು ಅತ್ತೆ. ಮೂವತ್ತು ದಿನ ಅದು ಓಡ್ಬೇಕು. ಅಂಗಡಿಯವರು ಒಪ್ಪಿಗೆ ಬರೆದು ಕೊಡ್ಬೇಕು. ಐವತ್ತು ಜನ ಗಿರಾಕಿಗಳು ಸ್ವಂತ ಮಾತಲ್ಲಿ ಅಭಿಪ್ರಾಯ ಹೇಳ್ಬೇಕು. ಆಮೇಲೆ ಮಾರ್ಗದರ್ಶಕರು ಸಹಿ ಹಾಕ್ಬೇಕು."

"ಮದುವೆ ಮಾಡೋದೇ ಸುಲಭ ಬಿಡು."

"ಯಾವ ಅಂಗಡಿ ಅಂತ ಕೇಳಲ್ವಾ?"

"ಕೇಳಲ್ಲ. ನೀನು ಎರಡು ದಿನದಿಂದ ನನ್ನ ಲೋಟ ತೊಳೀತಿರೋದು ನೋಡ್ದಾಗ್ಲೇ ಗೊತ್ತಾಯ್ತು."

ಲಾಂಡ್ರಿಯ ಮಾಲೀಕ ಆಗಲಿ ಎಂದು ತಲೆಯಾಡಿಸಿ, ಒಪ್ಪಿಗೆ ಬರೆಯುವುದನ್ನು ಅತ್ತೆಗೇ ಬಿಟ್ಟ. ಕೌಂಟರಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ಅತ್ತೆ ಅದನ್ನು ಸವತಿಯನ್ನು ನೋಡುವಂತೆ ನೋಡಿದಳು. ಹುಡುಗಿ ನಂಬರು, ಹೆಸರು, ಫೋನು, ಬಟ್ಟೆ, ತಾರೀಖು ಅಂತ ಐದು ಕಾಲಂ ಮಾಡಿ ತೋರಿಸಿದಳು.

"ಹೆಸರು ಅಂದ್ರೆ ಯಾವ ಹೆಸರು?" ಅಂದಳು ಅತ್ತೆ.

"ಜನರ ಹೆಸರು."

"ಅದು ನನಗೆ ಯಾಕೆ ಬೇಕು? ನನ್ನ ಚೀಟಿಯ ಹೆಸರು ಇದ್ರೆ ಈ ಡಬ್ಬ ಮುಟ್ತೀನಿ, ಇಲ್ದಿದ್ರೆ ನೀನುಂಟು ಅದುಂಟು."

ಒಪ್ಪಿಗೆ ಬರೆಯಬೇಕಾದವಳೇ ಮುನಿಸಿಕೊಂಡರೆ ಗತಿಯೇನು? ಹುಡುಗಿ ಬಿಸ್ಕತ್ತಿನ ಡಬ್ಬ ಬಗ್ಗಿಸಿ, ಚೀಟಿಯ ನಂಬರಿಗೂ ರಸೀದಿ ಪುಸ್ತಕದ ಫೋನಿಗೂ ಗಂಟು ಹಾಕುತ್ತ ಇನ್ನೂರ ಹನ್ನೆರಡು ಗಿರಾಕಿಗಳನ್ನು ಒಂದೊಂದಾಗಿ ಏರಿಸಿದಳು. ಏರಿಸುತ್ತ ಏರಿಸುತ್ತ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ನಗು ನಿಂತದ್ದು ಎಂಬತ್ತೆಂಟನೇ ಸಾಲಿನಲ್ಲಿ, ರಸೀದಿಯ ಮೇಲಿನ ಸಹಿಯ ಗುರುತು ಸಿಕ್ಕಾಗ.

"ಅತ್ತೆ, ಈ 'ಕಾಲರ್ ಮಾತ್ರ' ಯಾರು?"

"ಒಬ್ರು ಮೇಷ್ಟ್ರು. ಮೇಲೆ ಕೋಟು ಹಾಕ್ಕೋತೀನಿ, ಕಾಲರ್ ಮಾತ್ರ ಇಸ್ತ್ರಿ ಮಾಡಿ ಸಾಕು ಅಂತಾರೆ. ಬೇಸಿಗೆಯಲ್ಲೂ ಕೋಟು ಬಿಚ್ಚಲ್ಲ ಪಾಪ, ಬಿಚ್ಚಿದ್ರೆ ಗೊತ್ತಾಗುತ್ತಲ್ಲ!"

"ಅವ್ರು ನನ್ನ ಮಾರ್ಗದರ್ಶಕರು."

"ಇರ್ಲಿ ಬಿಡು. ಕಾಲರ್ ಚೆನ್ನಾಗೇ ಇರುತ್ತೆ."

ಇಪ್ಪತ್ತೈದು ದಿನ ವ್ಯವಸ್ಥೆ ಬೆಣ್ಣೆಯ ಹಾಗೆ ಓಡಿತು. ಅತ್ತೆಯೂ ಗುಟ್ಟಾಗಿ ಅದಕ್ಕೆ ಮನಸೋತಳು. 'ಉಸಿರು' ಎಂದು ಒತ್ತಿದರೆ ಸಾಕು, ಪ್ಯಾಂಟು ಯಾವ ಗೂಟದಲ್ಲಿದೆ ಎಂದು ಹೇಳುತ್ತಿತ್ತು. ಆದರೆ ಅಭಿಪ್ರಾಯಗಳು ಬರಲಿಲ್ಲ. ಕೌಂಟರಿನಲ್ಲಿ ಇಟ್ಟ ಕಾಗದದಲ್ಲಿ ಒಂಬತ್ತು ಜನ ಬರೆದಿದ್ದರು, ಅದರಲ್ಲಿ ಏಳು ಜನ 'ಚೆನ್ನಾಗಿದೆ' ಎಂದಷ್ಟೇ. ಒಂದೇ ಪದ ಲೆಕ್ಕಕ್ಕಿಲ್ಲ ಎಂದು ಕಾಲೇಜಿನ ನಿಯಮ. ಹುಡುಗಿ ಊಟ ಬಿಟ್ಟಳು. ಕೊನೆಗೆ ಎಲ್ಲ ಗಿರಾಕಿಗಳ ಫೋನಿಗೂ ಒಂದು ಸಂದೇಶ ಕಳಿಸುವುದೆಂದು ತೀರ್ಮಾನಿಸಿದಳು: 'ಪ್ರಿಯ ಇಂಥವರೇ, ನಮ್ಮ ಹೊಸ ವ್ಯವಸ್ಥೆಯ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ.' ಇಂಥವರು ಯಾರೆನ್ನುವುದನ್ನು ಹೆಸರಿನ ಕಾಲಮ್ಮಿನಿಂದ ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಮೊದಲು ತನ್ನ ನಂಬರಿಗೊಂದು ಕಳಿಸಿ ನೋಡಿದಳು. ಆ ಸಾಲಿನಲ್ಲಿ ಮಾತ್ರ ಅವಳು ತನ್ನ ನಿಜವಾದ ಹೆಸರು ಬರೆದುಕೊಂಡಿದ್ದಳು. ಸಂದೇಶ ಮುದ್ದಾಗಿ ಬಂತು. ಮಧ್ಯಾಹ್ನ ಮೂರು ಗಂಟೆಗೆ ಉಳಿದ ಇನ್ನೂರ ಹನ್ನೆರಡನ್ನೂ ಒಟ್ಟಿಗೆ ಬಿಟ್ಟಳು.

ಮೂವತ್ತೊಂದು ವರ್ಷ ಹೊಸಿಲು ದಾಟದ ಚೀಟಿಗಳು ಒಂದೇ ಉಸಿರಿಗೆ ಊರೆಲ್ಲ ಸುತ್ತಿ ಬಂದವು.

ಮೂರೂ ಹತ್ತಕ್ಕೆ ಲಾಂಡ್ರಿಯ ಮುಂದೆ ಮೊದಲು ನಿಂತವನು ಬ್ಯಾಂಕಿನವನು. "ಜೇಬಲ್ಲಿ ಬಾಚಣಿಗೆ ಅಂದ್ರೆ ಏನ್ರೀ ಅರ್ಥ?" ಅನ್ನುತ್ತಲೇ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಔಷಧಿ ಅಂಗಡಿಯವನು ಉಸಿರು ಹಿಡಿಯದೆ ಕೂಗಿದ. ಒಳಗಿದ್ದ ಇಸ್ತ್ರಿಯವನು ಹಬೆಯ ಮರೆಯಲ್ಲಿ ಅಡಗಿ ನಕ್ಕು ಒಂದು ದಿಂಬಿನ ಚೀಲ ಸುಟ್ಟ.

ಅತ್ತೆಗೆ ಸಂಗತಿ ಏನೆಂದು ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಅರ್ಥವಾದಾಗ ಅವಳ ಮುಖ ಇಂಗು ತಿಂದ ಮಂಗನಂತಾಯಿತು. ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಒಬ್ಬ ಹೆಂಗಸು ಮುಂದೆ ಬಂದಳು. ಕೈಯಲ್ಲಿ ಗಂಡನ ಫೋನು.

"ಪ್ರಿಯ ಬೇರೆಯವರ ಸೆಂಟು ಅವರೇ. ಯಾರಮ್ಮ ಇದು ಬರೆದದ್ದು? ಯಾರ ಸೆಂಟು?"

ಗಲಾಟೆ ಗಪ್ಪನೆ ನಿಂತಿತು. ಎಲ್ಲರಿಗೂ ತಮ್ಮ ಅವಮಾನಕ್ಕಿಂತ ಈ ಉತ್ತರವೇ ರುಚಿಯಾಗಿ ಕಂಡಿತು.

"ನನ್ನ ತಪ್ಪು ಕಣಮ್ಮಾ," ಅಂದಳು ಅತ್ತೆ, ರೆಪ್ಪೆ ಮಿಟುಕಿಸದೆ. "ಒಬ್ಬ ನಾಟಕದವಳ ಕೋಟನ್ನ ನಿಮ್ಮ ಯಜಮಾನ್ರ ಅಂಗಿ ಜೊತೆ ಒಂದೇ ಚೀಲಕ್ಕೆ ಹಾಕ್ಬಿಟ್ಟೆ. ಅದರ ಸೆಂಟು ಇದಕ್ಕೆ ಹತ್ತಿಕೊಳ್ತು. ಎರಡು ಸಲ ಒಗೀಬೇಕು ಅಂತ ನೆನಪಿಗೆ ಬರ್ಕೊಂಡಿದ್ದೆ."

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಹಾಗಿದ್ರೆ ಸರಿ," ಅಂದು ಹೋದಳು. ಅದು ನಿಜವೋ ಸುಳ್ಳೋ, ಅತ್ತೆಯನ್ನು ಕೇಳಿದರೆ ಇವತ್ತಿಗೂ ಪಿನ್ನು ಎಣಿಸಲು ಶುರು ಮಾಡುತ್ತಾಳೆ.

ಕೊನೆಗೆ ಉಳಿದವರು ಎತ್ತರದ ಒಬ್ಬ ಮುದುಕಿ. ಆಕೆಗೆ ಹೋದ ಸಂದೇಶ 'ಪ್ರಿಯ ಜೋಡಿ ಕೋಟು ಅವರೇ.' ಗಂಡ ಹೋಗಿ ಆರು ವರ್ಷವಾದರೂ ಆಕೆ ತನ್ನ ಕೋಟಿನ ಜೊತೆ ಆತನದನ್ನೂ ಒಗೆಯಲು ತರುತ್ತಿದ್ದರು. ಅತ್ತೆ ತಲೆ ತಗ್ಗಿಸಿದಳು. ಆ ದಿನ ಅವಳಿಗೆ ನಿಜವಾಗಿ ನಾಚಿಕೆಯಾದದ್ದು ಆಗ ಒಂದೇ ಸಲ.

"ಕ್ಷಮಿಸಿ ಅಮ್ಮಾ."

"ಯಾಕೆ? ಜೋಡಿ ಅಂತ ಬರೆದಿದ್ದೀಯಲ್ಲ, ಈಗ ಯಾರೂ ಹಾಗೆ ಕರೆಯಲ್ಲ," ಅಂದರು ಮುದುಕಿ. ಆಮೇಲೆ ಕೌಂಟರಿಗೆ ಬಗ್ಗಿ, "ಅವರಿದ್ದಾಗ ಅವರಿಗೇನು ಹೆಸರಿಟ್ಟಿದ್ದೆ?"

"ಕೇಳ್ಬೇಡಿ ಅಮ್ಮಾ."

"ಅಷ್ಟು ಕೆಟ್ಟದಾ?"

"ಅಷ್ಟು ಸರಿಯಾಗಿದೆ."

ಮುದುಕಿ ಬಾಗಿಲು ದಾಟಿದ ಮೇಲೂ ಅವರ ನಗು ಕೇಳುತ್ತಿತ್ತು.

ಸಂಜೆ ಹುಡುಗಿ ಕೆಂಪು ಕಣ್ಣು ಮಾಡಿಕೊಂಡು ಬಂದಳು. ಕಾಲೇಜಿನಲ್ಲಿ ಇನ್ನೂ ದೊಡ್ಡ ಅನಾಹುತವಾಗಿತ್ತು. ಮಾರ್ಗದರ್ಶಕರು ಲಾಂಡ್ರಿಗೆ ಕೊಟ್ಟಿದ್ದ ನಂಬರು ಅವರ ಸ್ವಂತದ್ದಲ್ಲ, ವಿಭಾಗದ ಕಚೇರಿಯದು. 'ಪ್ರಿಯ ಕಾಲರ್ ಮಾತ್ರ ಅವರೇ' ಎನ್ನುವುದನ್ನು ಗುಮಾಸ್ತೆ ಯಾರಿಗಿದು ಎಂದು ಕೇಳುತ್ತ ಕಾರಿಡಾರಿನ ಉದ್ದಕ್ಕೂ ಗಟ್ಟಿಯಾಗಿ ಓದಿಕೊಂಡು ಹೋಗಿದ್ದಳು.

"ಮುಗೀತು ಅತ್ತೆ. ಅವ್ರು ಈ ಜನ್ಮದಲ್ಲಿ ಸಹಿ ಹಾಕಲ್ಲ. ಇನ್ನೊಂದು ವರ್ಷ."

"ಅಳೋದು ಆಮೇಲೆ ಇಟ್ಕೋ. ಜನ ಏನಾದ್ರೂ ಉತ್ತರ ಬರೆದಿದ್ದಾರಾ ನೋಡು."

ಬರೆದಿದ್ದರು. ನೂರ ಅರವತ್ತಮೂರು ಜನ. ಮರ್ಯಾದೆಯಿಂದ ಕೇಳಿದಾಗ ಒಂಬತ್ತೇ ಜನ ಬಾಯಿ ಬಿಟ್ಟಿದ್ದ ಊರು, ಹೆಸರಿಟ್ಟ ಕೂಡಲೇ ಪುಟಗಟ್ಟಲೆ ಬರೆದಿತ್ತು.

ತಿಂಗಳ ಕೊನೆಯ ದಿನ ಮಾರ್ಗದರ್ಶಕರು ಬಂದರು. ಪ್ರಾಜೆಕ್ಟು ನಡೆದ ಜಾಗವನ್ನು ಕಣ್ಣಾರೆ ನೋಡಬೇಕೆನ್ನುವುದೂ ನಿಯಮ. ಕೋಟಿನ ಮೂರೂ ಗುಂಡಿ ಹಾಕಿದ್ದರು. ಅತ್ತೆ ಸ್ಟೂಲು ಒರೆಸಿ ಕೊಟ್ಟಳು. ಅವರು ಕೂರಲಿಲ್ಲ.

"ಸರ್, ತಪ್ಪು ನಂದು," ಹುಡುಗಿ ಮೊದಲೇ ಹೇಳಿಬಿಟ್ಟಳು. "ಆತುರದಲ್ಲಿ ಚೀಟಿ ಹೆಸರು ಮರೆತು, ನನ್ನೊಬ್ಬಳ ಸಾಲು ನೋಡಿ ಎಲ್ಲರಿಗೂ ಕಳಿಸ್ಬಿಟ್ಟೆ. ಹತ್ತು ಸಾಲಾದ್ರೂ ತೆಗೆದು ನೋಡ್ಬೇಕಿತ್ತು. ಚೀಟಿಯ ಹೆಸರು ಅಂಗಡಿಯೊಳಗಿಂದು, ಅದಕ್ಕೆ ಬೇರೆ ಕಾಲಂ ಇರ್ಬೇಕಿತ್ತು. ಈಗ ಮಾಡಿದೀನಿ. ಅದು ಹೊರಗೆ ಹೋಗದ ಹಾಗೆ ಬೀಗ ಹಾಕಿದೀನಿ."

"ವರದಿಯಲ್ಲಿ ಬರೆದಿದ್ದೀಯಾ?"

"ಒಂದು ಅಧ್ಯಾಯ ಪೂರ್ತಿ ಸರ್."

ಅವರು 'ಹೂಂ' ಅಂದರು. ಆ ಹೂಂಕಾರದಲ್ಲಿ ಸಿಟ್ಟು ಒಂದು ಚೂರು ಇಳಿದದ್ದು ಅತ್ತೆಯ ಕಿವಿಗೆ ಬಿತ್ತು. ಅಭಿಪ್ರಾಯಗಳ ಕಟ್ಟು ತೆಗೆದು ಓದತೊಡಗಿದರು.

"'ನಿನ್ನ ಲಾಂಡ್ರಿಗೆ ಸಿಡಿಲು ಬಡಿಯ.' ಇದು ಅಭಿಪ್ರಾಯನಾ?"

"ಅಭಿಪ್ರಾಯವೇ ಮೇಷ್ಟ್ರೇ," ಅಂದಳು ಅತ್ತೆ. "ಒಂದಿಷ್ಟು ಬಿಸಿ ಜಾಸ್ತಿ."

"ವ್ಯವಸ್ಥೆ ಬಗ್ಗೆ ಒಂದು ಮಾತಾದ್ರೂ ಇರ್ಬೇಕು. ಬರೀ ಬೈಗುಳ ನಾನು ಒಪ್ಪಲ್ಲ."

ಅವರು ಎರಡು ರಾಶಿ ಮಾಡಿದರು. ಬೈಗುಳದ ರಾಶಿ ಬೆಳೆಯಿತು, ಇನ್ನೊಂದು ಆಮೆಯ ಹಾಗೆ ತೆವಳಿತು. 'ಹೆಸರು ಹಾಳಾಗ್ಲಿ, ಬಟ್ಟೆ ಬೇಗ ಸಿಗ್ತಿದೆ' ಎಂದವನದು ಒಪ್ಪಿಗೆಯಾಯಿತು. ಬ್ಯಾಂಕಿನವನದೂ ಆಯಿತು, ತಾನು ಮರೆತ ಹದಿನಾಲ್ಕು ಬಾಚಣಿಗೆಗಳ ಪಟ್ಟಿ ಕಂಪ್ಯೂಟರಿನಲ್ಲಿ ಇರುವುದು ಬಹಳ ಅನುಕೂಲ ಎಂದು ಅವನು ಬರೆದಿದ್ದ. ಕೊನೆಯ ಹಾಳೆ ಇಟ್ಟು ಎಣಿಸಿದರು. ಮತ್ತೆ ಎಣಿಸಿದರು.

"ನಲವತ್ತೊಂಬತ್ತು."

ಹುಡುಗಿ ಬೈಗುಳದ ರಾಶಿಯನ್ನು ಮತ್ತೆ ತಿರುವತೊಡಗಿದಳು. ಇಸ್ತ್ರಿಯವನು ಹಬೆಯಿಂದ ಹೊರಗೆ ಬಂದು ನಿಂತ.

"ನಿಯಮ ನಿಯಮವೇ," ಅಂದರು ಮೇಷ್ಟ್ರು. ಆದರೂ ಕೊನೆಯ ಹಾಳೆಯನ್ನು ಎತ್ತಿ ಹಿಂದುಮುಂದು ನೋಡಿದರು. "ಇವತ್ತು ಐದು ಗಂಟೆಗೆ ಕಚೇರಿ ಮುಚ್ಚುತ್ತೆ."

ಅತ್ತೆ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ಒತ್ತಿ, ಪರದೆಯನ್ನು ಅವರ ಕಡೆ ತಿರುಗಿಸಿದಳು. "ಇಲ್ನೋಡಿ. ಎಂಬತ್ತೆಂಟನೇ ಗಿರಾಕಿ ಇನ್ನೂ ಉತ್ತರ ಕೊಟ್ಟಿಲ್ಲ. ಏಳು ವರ್ಷದ ಗಿರಾಕಿ. ಅವರಿಗೆ ಅಭಿಪ್ರಾಯ ಇಲ್ಲ ಅಂತೀರಾ?"

"ನಾನು ಮಾರ್ಗದರ್ಶಕ."

"ಮಾರ್ಗದರ್ಶಕರು ಬಟ್ಟೆ ಒಗೆಸಬಾರ್ದು ಅಂತ ನಿಯಮ ಇದ್ಯಾ?"

ಅವರು ನಿಯಮದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಆ ಪುಟವನ್ನು ಎರಡು ಸಲ ಓದಿದರು. ಇರಲಿಲ್ಲ. ಮೇಷ್ಟ್ರು ಈಗ ಸ್ಟೂಲಿನ ಮೇಲೆ ಕೂತರು, ಪೆನ್ನು ತೆಗೆದರು. ಎರಡು ಸಾಲು ಗೀಚಿ ಮುಗಿಸುತ್ತಾರೆ ಎಂದುಕೊಂಡರೆ ಹಾಳೆ ತಿರುಗಿಸಿ ಹಿಂದೆಯೂ ಬರೆದರು. ವ್ಯವಸ್ಥೆ ಉಪಯುಕ್ತ ಎನ್ನುವುದು ಒಂದು ಸಾಲು. ಉಳಿದದ್ದು ನಾಲ್ಕು ವರ್ಷದ ಹಿಂದೆ ಇದೇ ಲಾಂಡ್ರಿಯಲ್ಲಿ ತಮ್ಮ ಬೂದು ಕೋಟಿನ ತೋಳಿನ ಗುಂಡಿ ಕಳೆದುಹೋದದ್ದು, ಅದನ್ನು ಯಾರೂ ಒಪ್ಪಿಕೊಳ್ಳದೆ ಹೋದದ್ದು, ಅಂದಿನಿಂದ ಅವರು ಎಡಗೈ ಜೇಬಿನಲ್ಲಿಟ್ಟುಕೊಂಡೇ ಪಾಠ ಮಾಡಿದ್ದು.

ಓದುತ್ತ ಓದುತ್ತ ಅತ್ತೆಯ ಮೂಗಿನ ಹೊಳ್ಳೆ ಅರಳಿತು. ಬಾಯಿ ತೆರೆಯಿತು. ಹುಡುಗಿ ಕೌಂಟರಿನ ಕೆಳಗೆ ಅವಳ ಕಾಲನ್ನು ಬಲವಾಗಿ ತುಳಿದಳು.

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಚೀಟಿ ಅತ್ತೆ ಬಾಯಿಗೆ ಬಂದ ಮಾತು ನುಂಗಿದಳು. ನುಂಗಿ, ಅಂಗಡಿಯ ಪರವಾಗಿ ಒಪ್ಪಿಗೆಯ ಕಾಗದ ಬರೆದಳು. ಮೇಷ್ಟ್ರು ಐವತ್ತು ಎಂದು ತುಂಬಿ, ಕೆಳಗೆ ಸಹಿ ಎಳೆದು, ತಾರೀಖು ಹಾಕಿದರು. ಹುಡುಗಿ ಕಾಗದ ಕಿತ್ತುಕೊಂಡವಳಂತೆ ತೆಗೆದುಕೊಂಡು, ಕಚೇರಿ ಮುಚ್ಚುವ ಮೊದಲೇ ತಲುಪಲು ಬೀದಿಗೆ ಹಾರಿದಳು. ಅವಳು ಮೂಲೆ ತಿರುಗಿ ಕಣ್ಮರೆಯಾಗುವವರೆಗೂ ಅತ್ತೆ ಕಾದಳು.

ಆಮೇಲೆ ಮೇಷ್ಟ್ರ ಕಡೆ ತಿರುಗಿ, ತೋಳು ಮೇಲಕ್ಕೆ ಮಡಚಿದಳು.

"ಈಗ ಹೇಳ್ತೀನಿ ಕೇಳಿ. ಆ ಗುಂಡಿ ನೀವು ಕೋಟು ತಂದಾಗ್ಲೇ ಇರ್ಲಿಲ್ಲ."